ಟೋಕಿಯೊದ ಪ್ಯಾಟಿಸರಿಗೆ ಹೋಗುವುದು ಹೇಗೆ: ಸಾಲಿನಲ್ಲಿ ನಿಲ್ಲುವುದರಿಂದ ಕೊನೆಯ ತುತ್ತಿನವರೆಗೆ

ಟೋಕಿಯೊದ ಒಳ್ಳೆಯ ಪ್ಯಾಟಿಸರಿಯಲ್ಲಿ, ಅಂದರೆ ಫ್ರೆಂಚ್ ಥರದ ಕೇಕ್ ಅಂಗಡಿಯಲ್ಲಿ, ಕೇಕ್ ಕಟ್ಟಿಸಿಕೊಂಡರೆ, ದುಡ್ಡು ತೆಗೆದುಕೊಳ್ಳುವ ಮೊದಲು ಅಂಗಡಿಯವರು ಒಂದು ಪ್ರಶ್ನೆ ಕೇಳುತ್ತಾರೆ. ಮನೆ ಮುಟ್ಟೋಕೆ ಎಷ್ಟು ಹೊತ್ತಾಗುತ್ತೆ? ಆ ಹೊತ್ತಿಗೆ ತಕ್ಕಷ್ಟು ತಂಪು ಪ್ಯಾಕೆಟ್ ಪೆಟ್ಟಿಗೆಯೊಳಗೆ ಇಡುತ್ತಾರೆ. ಮೊದಲ ಸಲ ನನಗೆ ಇದು ಸುಮ್ನೆ ಉಪಚಾರದ ಮಾತು ಅನ್ನಿಸಿತ್ತು. ಅರ್ಧ ಗಂಟೆ ಅಂದೆ. ಆಮೇಲೆ ಆಗಸ್ಟ್ ತಿಂಗಳ ಬಿಸಿಲಲ್ಲಿ ಎರಡು ಗಂಟೆ ಊರು ಸುತ್ತಿ, ಮನೆಗೆ ಬಂದು ಪೆಟ್ಟಿಗೆ ತೆರೆದರೆ ನೊರೆಯಂಥ ಕ್ರೀಮಿನ ಮೂರು ಪದರದ ಮೂಸ್ ಕೇಕ್ ತಳದಲ್ಲಿ ಒಂದೇ ಪದರವಾಗಿ ಹರಡಿಕೊಂಡಿತ್ತು. ಯಾರೋ ಬೆಳಗಿನ ಜಾವ ಎದ್ದು, ಒಂದೊಂದೇ ಪದರ ಗಟ್ಟಿಯಾಗಲು ಕಾದು ಮಾಡಿದ ಕೆಲಸ ಅದು. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಅವತ್ತು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೇಕುಗಳಿಗೆ ರುಚಿ ಎಷ್ಟು ಮುಖ್ಯವೋ ಹೊತ್ತೂ ಅಷ್ಟೇ ಮುಖ್ಯ. ಪಾರ್ಸೆಲ್ ತಂದ ಬೆಣ್ಣೆ ದೋಸೆಗೂ, ಕಾವಲಿಯಿಂದ ಇಳಿದ ಕೂಡಲೇ ಹೋಟೆಲಲ್ಲೇ ಕೂತು ತಿಂದ ಬೆಣ್ಣೆ ದೋಸೆಗೂ ಎಷ್ಟು ವ್ಯತ್ಯಾಸ, ಅಲ್ವಾ? ಅದೇ ಲೆಕ್ಕ. ಯಾವ ಅಂಗಡಿಗೆ ಹೋಗಬೇಕು, ಎಷ್ಟು ಗಂಟೆಗೆ ಹೋಗಬೇಕು, ಏನು ಕೇಳಬೇಕು, ಯಾವುದನ್ನು ಅಲ್ಲೇ ತಿನ್ನಬೇಕು, ಯಾವುದನ್ನು ಊರಿಗೆ ಒಯ್ಯಬಹುದು ಅನ್ನುವುದೆಲ್ಲ ಇದರ ಮೇಲೇ ನಿಂತಿದೆ.

ಎಲ್ಲಿಗೆ ಹೋಗಬೇಕು

ಒಂದೇ ದಿನ ಇದೆ ಅನ್ನುವವರು ಜಿಯುಗಾವೋಕಾಗೆ ಹೋಗಿ. ಶಿಬುಯಾದಿಂದ ತೋಕ್ಯೂ ತೋಯೊಕೊ ಲೈನಿನ ರೈಲು ಹತ್ತಿದರೆ ಹತ್ತು ನಿಮಿಷದ ದಾರಿ. ಸಣ್ಣ ಸಣ್ಣ ಬೀದಿಗಳು, ನಡೆದೇ ಸುತ್ತಬಹುದು. ಇಲ್ಲಿ 1998ರಲ್ಲಿ ತ್ಸುಜಿಗುಚಿ ಹಿರೊನೊಬು ಶುರುಮಾಡಿದ ಮೋಂ ಸ್ಯಾಂ ಕ್ಲೇರ್ ಅನ್ನುವ ಪ್ಯಾಟಿಸರಿ ಇದೆ. ಅವರು ಹುಟ್ಟಿದ್ದು ಇಶಿಕಾವಾ ಪ್ರಾಂತ್ಯದ ನಾನಾವೊ ಊರಿನಲ್ಲಿ, ಜಪಾನೀ ಸಾಂಪ್ರದಾಯಿಕ ಸಿಹಿ ಮಾಡುವ ಮನೆಯಲ್ಲಿ. ಕಲಿತದ್ದು ಫ್ರೆಂಚ್ ಕೇಕಿನ ವಿದ್ಯೆ. ಅವರ 'ಸೆ ಲಾ ವಿ' ಕೇಕ್ ಬಿಳಿ ಚಾಕೊಲೇಟ್ ಮೂಸ್‌ನದು, ಒಳಗೆ ಪಿಸ್ತಾ ಮತ್ತು ಹುಳಿ ಬೆರಿ ಹಣ್ಣು. ಮೊದಲ ಸಲ ಹೋಗುವವರು ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಸಸ್ಯಾಹಾರಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರ ವಿಷಯ ಮುಂದೆ ಬರೆದಿದ್ದೇನೆ.

ಅದೇ ಜಿಯುಗಾವೋಕಾದಲ್ಲಿ ಮೋಂಬ್ಲಾಂ ಅನ್ನುವ ಹಳೆಯ ಅಂಗಡಿ ಇದೆ, 1933ರಿಂದ ಬಂದದ್ದು. ಜಪಾನಿಗೆ ಮೋಂಬ್ಲಾಂ ಅನ್ನುವ ಚೆಸ್ಟ್‌ನಟ್ ಕೇಕಿನ ರೂಢಿ ಹತ್ತಿದ್ದೇ ಇಲ್ಲಿಂದ. ಚೆಸ್ಟ್‌ನಟ್ ತಿಂದಿಲ್ಲದವರು ಬೇಯಿಸಿದ ಹಲಸಿನ ಬೀಜ ನೆನಪಿಸಿಕೊಳ್ಳಿ. ಅದೇ ಹಿಟ್ಟುಹಿಟ್ಟಾದ ಮೆತ್ತನೆ, ಆದರೆ ಇನ್ನಷ್ಟು ಸಿಹಿ. ಫ್ರಾನ್ಸಿನಲ್ಲಿ ಈ ಕೇಕ್ ಕಂದು ಬಣ್ಣದ್ದು. ಇಲ್ಲಿಯದು ಹಳದಿ, ಏಕೆಂದರೆ ಸಕ್ಕರೆ ಪಾಕದಲ್ಲಿ ಹಾಕಿದ ಜಪಾನೀ ಚೆಸ್ಟ್‌ನಟ್ ಬಳಸುತ್ತಾರೆ.

ಇನ್ನೊಬ್ಬರ ಹೆಸರು ಹೇಳಲೇಬೇಕು: ಸದಾಹಾರು ಆವೋಕಿ. 2001ರಲ್ಲಿ ಪ್ಯಾರಿಸ್‌ನಲ್ಲೇ ಅಂಗಡಿ ಹಾಕಿ ಫ್ರೆಂಚರಿಗೇ ಮಚ್ಚಾ, ಅಂದರೆ ಹಸಿರು ಚಹಾ ಪುಡಿ, ತಿನ್ನಿಸಿದವರು. ಅವರ 'ಬಾಂಬೂ' ಅಂದರೆ ಕಾಫಿಯ ಬದಲು ಮಚ್ಚಾ ಹಾಕಿದ ಒಪೆರಾ, ತೆಳು ಕೇಕ್ ಮತ್ತು ಬೆಣ್ಣೆ ಕ್ರೀಮನ್ನು ಪದರ ಪದರವಾಗಿ ಜೋಡಿಸಿದ್ದು. ಕ್ರೀಂ ತುಂಬಿದ ಉದ್ದನೆಯ ಕರಿ ಎಳ್ಳಿನ ಎಕ್ಲೇರ್ ಬಾಯಿಗಿಟ್ಟರೆ ಎಳ್ಳುಂಡೆಯ ವಾಸನೆಯೇ ಮೊದಲು ಬರುತ್ತದೆ. ನಮ್ಮ ಮನೆಯ ವಾಸನೆಯೊಂದು ಇಂಥ ಜಾಗದಲ್ಲಿ ಎದುರಾದಾಗ ಆಗುವ ಖುಷಿಯೇ ಬೇರೆ. ಟೋಕಿಯೊದಲ್ಲಿ ಮರುನೊಉಚಿಯಲ್ಲಿ ಅವರ ಅಂಗಡಿ ಇದೆ.

ಹೊಸದು ಏನಿರುತ್ತದೆ ಇವುಗಳಲ್ಲಿ ಅಂತ ಕೇಳಬಹುದು. ಲೆಕ್ಕ ಫ್ರೆಂಚರದು, ಸಾಮಾನು ಜಪಾನಿನದು. ಯೂಝು ಅನ್ನುವ ನಿಂಬೆ ಜಾತಿಯ ಹಣ್ಣು, ಹುರಿದ ಸೋಯಾ ಹಿಟ್ಟು, ಉಪ್ಪಿನಲ್ಲಿ ಹಾಕಿದ ಸಕುರಾ (ಚೆರಿ ಮರದ) ಎಲೆ, ಹುರಿದ ಚಹಾ ಸೊಪ್ಪು, ಕೆಲವು ಕಡೆ ಸೋಯಾ ಹುದುಗಿಸಿದ ಮಿಸೊ ಕೂಡ. ಸಿಹಿ ಕಡಿಮೆ. ಇಲ್ಲಿ 'ಅಷ್ಟೇನೂ ಸಿಹಿ ಇಲ್ಲ' ಅಂದರೆ ಅದು ಹೊಗಳಿಕೆ. ಮೈಸೂರು ಪಾಕ್ ತಿಂದು ಬೆಳೆದ ನಾಲಿಗೆಗೆ ಮೊದಲ ತುತ್ತು ಸಪ್ಪೆ ಅನ್ನಿಸಬಹುದು. ಎರಡನೆಯದಕ್ಕೆ ಹಣ್ಣಿನ ರುಚಿ ಬೇರೆ, ಬೆಣ್ಣೆಯ ರುಚಿ ಬೇರೆ ಅಂತ ಗೊತ್ತಾಗುತ್ತದೆ. ಫ್ರಾನ್ಸಿನ ಲಿಯೋಂ ಊರಿನಲ್ಲಿ ನಡೆಯುವ ಪೇಸ್ಟ್ರಿ ವಿಶ್ವಕಪ್ಪನ್ನು 2023ರಲ್ಲಿ ಗೆದ್ದದ್ದು ಜಪಾನ್ ತಂಡ.

ಬೀದಿ ಹುಡುಕಿಕೊಂಡು ಅಲೆಯಲು ಪುರುಸೊತ್ತಿಲ್ಲದವರಿಗೆ ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆ ಇದೆ. ಶಿಂಜುಕುವಿನ ಇಸೆತಾನ್, ನಿಹೊಂಬಾಶಿಯ ತಕಾಶಿಮಾಯಾ. ಒಂದೇ ಮಹಡಿಯಲ್ಲಿ ಸಾಲುಸಾಲು ಹೆಸರಾಂತ ಅಂಗಡಿಗಳು. ಆದರೆ ಕೂತು ತಿನ್ನಲು ಜಾಗ ಕಡಿಮೆ, ಹೆಚ್ಚಿನದು ಕಟ್ಟಿಸಿಕೊಂಡು ಹೋಗುವ ವ್ಯಾಪಾರ.

ಯಾವ ದಿನ, ಎಷ್ಟು ಗಂಟೆಗೆ

ಪ್ಯಾಟಿಸರಿಗಳು ಬೆಳಗ್ಗೆ ಹತ್ತು ಅಥವಾ ಹನ್ನೊಂದಕ್ಕೆ ಬಾಗಿಲು ತೆರೆಯುತ್ತವೆ. ಆ ಹೊತ್ತಿಗೇ ಹೋಗಿ. ಮಧ್ಯಾಹ್ನ ಮೂರರ ಮೇಲೆ ಹೋದರೆ ಚೆನ್ನಾಗಿರುವುದು ಖಾಲಿಯಾಗಿರುತ್ತದೆ. ಮುಗಿದ ಕೇಕಿನ ಹೆಸರಿನ ಚೀಟಿ ಮೇಲೆ 'ಉರಿಕಿರೆ' ಅಂತ ಬರೆದಿರುತ್ತಾರೆ, ಖಾಲಿ ಅಂತ ಅರ್ಥ. ಬೆಳಗ್ಗೆ ಮಾಡಿದ್ದು ಮುಗಿದರೆ ಮುಗಿಯಿತು, ಮತ್ತೆ ಮಾಡಿ ತುಂಬಿಸುವುದು ಅಪರೂಪ.

ವಾರದ ರಜೆ ನೋಡಿಕೊಳ್ಳಿ. ಭಾನುವಾರ ಬಾಗಿಲು ತೆರೆದಿದ್ದು ಮಂಗಳವಾರವೋ ಬುಧವಾರವೋ ಮುಚ್ಚುವ ಅಂಗಡಿಗಳೇ ಜಾಸ್ತಿ. ಕೆಲವರು ಇಂಥದೇ ದಿನ ಅಂತ ಇಲ್ಲದೆ ತಿಂಗಳಿಗೊಮ್ಮೆ ರಜೆ ಪಟ್ಟಿ ಹಾಕುತ್ತಾರೆ. ಹೊರಡುವ ದಿನ ಬೆಳಗ್ಗೆ ಅವರ ಇನ್‌ಸ್ಟಾಗ್ರಾಂ ಒಮ್ಮೆ ತೆರೆದು ನೋಡಿ. ಒಂದು ಗಂಟೆ ರೈಲಲ್ಲಿ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದು ಬೇಡ.

ಹಣ್ಣಿನ ಕಾಲಕ್ಕೆ ತಕ್ಕಂತೆ ಕೇಕ್ ಬದಲಾಗುತ್ತದೆ. ಚಳಿಗಾಲದಿಂದ ಏಪ್ರಿಲ್‌ವರೆಗೆ ಸ್ಟ್ರಾಬೆರಿ, ಮಾರ್ಚ್ ಕೊನೆಗೆ ಸಕುರಾ, ಬೇಸಿಗೆಯಲ್ಲಿ ಬಿಳಿ ಪೀಚ್, ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಚೆಸ್ಟ್‌ನಟ್. ನನ್ನನ್ನು ಕೇಳಿದರೆ ಅಕ್ಟೋಬರ್. ಸೆಕೆ ಇಳಿದಿರುತ್ತದೆ, ಹೊಸ ಚೆಸ್ಟ್‌ನಟ್ ಬಂದಿರುತ್ತದೆ, ಪೆಟ್ಟಿಗೆ ಹಿಡಿದುಕೊಂಡು ನಡೆದರೂ ಕೇಕಿಗೆ ಏನೂ ಆಗುವುದಿಲ್ಲ. ಡಿಸೆಂಬರ್ 23ರಿಂದ 25ರವರೆಗೆ ಮಾತ್ರ ಆ ಕಡೆ ಹೋಗಬೇಡಿ. ಜಪಾನಿನಲ್ಲಿ ಕ್ರಿಸ್‌ಮಸ್ ಅಂದರೆ ಸ್ಟ್ರಾಬೆರಿ ಕೇಕಿನ ಹಬ್ಬ. ಮೊದಲೇ ಬುಕ್ ಮಾಡಿದವರಿಗೆ ಕೊಡುವುದರಲ್ಲೇ ಅಂಗಡಿಯವರಿಗೆ ದಿನ ಮುಗಿಯುತ್ತದೆ.

ಸಸ್ಯಾಹಾರಿಗಳು ಇದನ್ನು ಓದದೆ ಹೋಗಬೇಡಿ

ಹೋದ ವರ್ಷ ದಾವಣಗೆರೆಯಿಂದ ಅಕ್ಕ ಬಂದಿದ್ದಳು. ಕೇಕಿನಲ್ಲಿ ಮೊಟ್ಟೆ ಇದ್ದರೆ ತಿನ್ನುತ್ತಾಳೆ, ಅದರಾಚೆ ಇಲ್ಲ. ಗಾಜಿನ ಪೆಟ್ಟಿಗೆ ಮುಂದೆ ನಿಂತು ಕನ್ನಡಿಯ ಹಾಗೆ ಹೊಳೆಯುವ ಒಂದು ಕೆಂಪು ಕೇಕ್ ನೋಡಿ, "ಲೋ, ಇಷ್ಟು ಮಿಂಚೋ ಹಂಗೆ ಏನು ಹಾಕಿರ್ತಾರೋ ಇದಕ್ಕೆ? ಕೇಳು ಮೊದ್ಲು" ಅಂದಳು. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಆ ಹೊಳಪಿಗೆ ಸಾಮಾನ್ಯವಾಗಿ ಜೆಲಟಿನ್ ಹಾಕುತ್ತಾರೆ. ಅದು ಹಂದಿ ಅಥವಾ ದನದ ಚರ್ಮ, ಮೂಳೆಯಿಂದ ತೆಗೆಯುವ ಪದಾರ್ಥ.

ಅಂದಾಜಿಗೆ ಹೀಗೆ ನೆನಪಿಟ್ಟುಕೊಳ್ಳಿ. ಮೂಸ್, ಬವರೋವಾ ಮತ್ತು ಪನ್ನಾ ಕೋಟಾದಂಥ ತಣಿಸಿ ಗಟ್ಟಿಮಾಡಿದ ಕ್ರೀಂ ಸಿಹಿಗಳು, ಜೆಲ್ಲಿ, ಬೇಯಿಸದ ಚೀಸ್ ಕೇಕ್, ಮೇಲೆ ಹೊಳೆಯುವ ಲೇಪ ಇರುವ ಯಾವುದೇ ಕೇಕ್: ಇವುಗಳಲ್ಲಿ ಜೆಲಟಿನ್ ಇದ್ದೇ ಇದೆ ಅಂದುಕೊಂಡು ನಡೆಯಿರಿ. ಬೇಯಿಸಿದ ಚೀಸ್ ಕೇಕ್, ಒಪೆರಾ, ಮೋಂಬ್ಲಾಂ, ಶೂ ಅನ್ನುವ ಕ್ರೀಂ ತುಂಬಿದ ಉಬ್ಬಿದ ಉಂಡೆ, ಹಣ್ಣಿನ ಟಾರ್ಟ್, ಸ್ಟ್ರಾಬೆರಿ ಶಾರ್ಟ್‌ಕೇಕ್: ಇವುಗಳಲ್ಲಿ ಬಹಳ ಸಲ ಇರುವುದಿಲ್ಲ. ಆದರೂ ಹಣ್ಣಿನ ಮೇಲೆ ಸವರುವ ತೆಳು ಲೇಪದಲ್ಲಿ, ಕಸ್ಟರ್ಡಿನಲ್ಲಿ ಸೇರಿರಬಹುದು. ಪ್ಯಾಕೆಟ್ಟಿನಲ್ಲಿ ಬರುವ ತಿಂಡಿಯ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದೆ, ಫೋನ್ ಕ್ಯಾಮೆರಾದಲ್ಲಿ ಅನುವಾದ ಮಾಡಿ ಓದಬಹುದು. ಗಾಜಿನ ಪೆಟ್ಟಿಗೆಯೊಳಗಿನ ಬಿಡಿ ಕೇಕಿಗೆ ಆ ಪಟ್ಟಿ ಇರುವುದಿಲ್ಲ. ಬಾಯಿಬಿಟ್ಟು ಕೇಳಬೇಕು.

ಕೇಳುವುದು ಹೀಗೆ: "ಸುಮಿಮಾಸೆನ್, ಝೆರಾಚಿನ್ ನಾಶಿ ನೊ ಕೇಕಿ ವಾ ದೊರೆ ದೆಸ್ ಕಾ?" ಜೆಲಟಿನ್ ಇಲ್ಲದ ಕೇಕ್ ಯಾವುದು ಅಂತ ಅರ್ಥ. ಒಂದು ಕೇಕ್ ತೋರಿಸಿ ಕೇಳುವುದಾದರೆ "ಝೆರಾಚಿನ್ ಹಾಯಿತ್ತೆ ಇಮಾಸ್ ಕಾ?" ಸಾಕು. ಝೆರಾಚಿನ್ ಇರುವ ಜಾಗದಲ್ಲಿ ಮೊಟ್ಟೆಗೆ 'ತಮಾಗೊ' ಅನ್ನಿ, ಮದ್ಯಕ್ಕೆ 'ಅರುಕೋರು' ಅನ್ನಿ. ಮದ್ಯದ ವಿಷಯ ಮರೆಯಬೇಡಿ. ರಮ್, ಕಿರ್ಶ್ ಥರದ ಮದ್ಯ ಹಾಕಿದ ಪಾಕವನ್ನು ಕೇಕಿಗೆ ಕುಡಿಸುವುದು ಫ್ರೆಂಚ್ ಪದ್ಧತಿ, ಮಕ್ಕಳಿಗೆ ಕೊಡುವ ಮೊದಲು ಕೇಳಲೇಬೇಕು.

ಅವತ್ತು ಅಂಗಡಿಯ ಹುಡುಗಿ ತನಗೆ ಗೊತ್ತಿದ್ದದ್ದನ್ನು ಅಲ್ಲೇ ಹೇಳಿ ಮುಗಿಸಲಿಲ್ಲ. ಒಳಗೆ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದಳು. ಹನ್ನೆರಡು ಕೇಕುಗಳಲ್ಲಿ ನಾಲ್ಕನ್ನು, ಬೆರಳಲ್ಲಲ್ಲ, ಇಡೀ ಅಂಗೈ ಚಾಚಿ ಒಂದೊಂದಾಗಿ ತೋರಿಸಿದಳು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೂ ಗೊಣಗಲಿಲ್ಲ. ಹಾಗಾಗಿ ಸಂಕೋಚ ಬೇಡ. ಅಕ್ಕ ಒಪೆರಾ ತಿಂದಳು.

ಜೆಲಟಿನ್‌ಗೂ ನಾನು ಮೊದಲು ಹೇಳಿದ ಹೊತ್ತಿನ ಮಾತಿಗೂ ನೇರ ಸಂಬಂಧ ಇದೆ. ಜೆಲಟಿನ್ ಜಾಸ್ತಿ ಇದ್ದಷ್ಟೂ ಮೂಸ್ ಗಟ್ಟಿಯಾಗಿ ನಿಲ್ಲುತ್ತದೆ, ದೂರ ಒಯ್ಯಬಹುದು, ಆದರೆ ಬಾಯಲ್ಲಿ ರಬ್ಬರಿನ ಹಾಗಾಗುತ್ತದೆ. ಕಡಿಮೆ ಮಾಡಿದರೆ ನಾಲಿಗೆ ಮೇಲಿಟ್ಟ ಕೂಡಲೇ ಕರಗುತ್ತದೆ, ಆದರೆ ಬಾಗಿಲಾಚೆ ಹೋಗಲಾರದು. ಹಿದೆಮಿ ಸುಗಿನೊ ಅನ್ನುವ ದೊಡ್ಡ ಕೇಕ್ ಕಲಾವಿದರು ಕ್ಯೋಬಾಶಿಯ ತಮ್ಮ ಅಂಗಡಿಯಲ್ಲಿ ಎರಡನೆಯ ದಾರಿ ಹಿಡಿದಿದ್ದರು. ಅವರ ಕೆಲವು ಮೂಸ್ ಕೇಕುಗಳನ್ನು ಕಟ್ಟಿಕೊಡುತ್ತಲೇ ಇರಲಿಲ್ಲ, ಅಲ್ಲೇ ಕೂತು ತಿನ್ನಬೇಕಿತ್ತು. ಆ ಅಂಗಡಿ 2022ರಲ್ಲಿ ಮುಚ್ಚಿತು. ಕಟ್ಟಿಕೊಡಲಾರೆ ಅನ್ನುವ ಆ ನೇಮ ನಿಷ್ಠುರ ಅನ್ನಿಸಬಹುದು. ನನಗೆ ಅದರಷ್ಟು ಪ್ರಾಮಾಣಿಕವಾದ ನೇಮ ಇನ್ನೊಂದು ಕಾಣುವುದಿಲ್ಲ.

ಮೊಟ್ಟೆಯೂ ಬೇಡ ಅನ್ನುವವರಿಗೆ ಪ್ಯಾಟಿಸರಿಯಲ್ಲಿ ಸಿಗುವುದು ಬಹಳ ಕಡಿಮೆ. ಅವರು ಜಪಾನೀ ಸಿಹಿಯಂಗಡಿಗೆ ಹೋಗಿ. ಅಲ್ಲಿ ಜೆಲಟಿನ್ ಬದಲು ಕಾಂಟೆನ್ ಹಾಕುತ್ತಾರೆ. ನಮ್ಮಲ್ಲಿ ಚೀನಾ ಗ್ರಾಸ್ ಅಂತಾರಲ್ಲ, ಅದೇ, ಸಮುದ್ರದ ಪಾಚಿಯಿಂದ ಬಂದದ್ದು. ಅನ್ಮಿತ್ಸು ಕೇಳಿ: ಕಾಂಟೆನ್ ತುಂಡುಗಳು, ಸಿಹಿ ಅಜುಕಿ ಕಾಳಿನ ಹೂರಣ, ಹಣ್ಣು, ಮೇಲೆ ಜೋನಿ ಬೆಲ್ಲದಂಥ ಕಪ್ಪು ಪಾಕ. ಬೇಸಿಗೆಯಲ್ಲಿ ಇದಕ್ಕಿಂತ ಹಿತ ಇನ್ನೊಂದಿಲ್ಲ.

ಕೌಂಟರ್ ಮುಂದೆ

ಒಳಗೆ ಹೋದ ಕೂಡಲೇ ಕೂರಬೇಡಿ. ಹೆಚ್ಚಿನ ಕಡೆ ಮೊದಲು ಗಾಜಿನ ಪೆಟ್ಟಿಗೆ ಮುಂದೆ ಕೇಕ್ ಆರಿಸಿ ಹೇಳಬೇಕು, ಆಮೇಲೆ ಅವರೇ ಮೇಜು ತೋರಿಸುತ್ತಾರೆ. ಜನ ಜಾಸ್ತಿ ಇದ್ದರೆ ಬಾಗಿಲ ಬಳಿ ಹೆಸರು ಬರೆಯುವ ಹಾಳೆ ಇರುತ್ತದೆ, ಅಥವಾ ನಂಬರ್ ಚೀಟಿ ಕೊಡುತ್ತಾರೆ.

ಅಲ್ಲೇ ತಿನ್ನುವುದಾದರೆ "ತೆನ್ನಾಯ್ ದೆ", ಕಟ್ಟಿಸುವುದಾದರೆ "ಮೊಚಿಕಾಯೆರಿ ದೆ" ಅನ್ನಿ. ಇದು ಬಿಲ್ಲಿಗೂ ಸಂಬಂಧಪಟ್ಟದ್ದು. 2019ರ ಅಕ್ಟೋಬರಿನಿಂದ ಕೂತು ತಿಂದರೆ ಶೇ 10 ತೆರಿಗೆ, ಕಟ್ಟಿಸಿಕೊಂಡರೆ ಶೇ 8. ಒಂದು ಸಣ್ಣ ಕೇಕ್ ಸುಮಾರಾಗಿ 600ರಿಂದ 900 ಯೆನ್ ಇರುತ್ತದೆ. ಕೂತು ತಿನ್ನುವ ಕಡೆ ತಲೆಗೊಂದು ಪಾನೀಯ ಕಡ್ಡಾಯ ಅನ್ನುವ ನೇಮ ಸಾಮಾನ್ಯ. ಇಬ್ಬರು ಒಂದೇ ಕೇಕ್ ಹಂಚಿಕೊಳ್ಳುವುದು ಅವರಿಗೆ ಸರಿಬರುವುದಿಲ್ಲ. ಇಬ್ಬರು ಎರಡು ಬೇರೆ ಬೇರೆ ಕೇಕ್ ತೆಗೆದುಕೊಂಡು ಅರ್ಧರ್ಧ ರುಚಿ ನೋಡಿ.

ಚಹಾ, ಕಾಫಿಗೆ ಸಕ್ಕರೆ ಹಾಕಬೇಡಿ. ಈ ಒಂದು ಮಾತು ನನಗಾಗಿ ಕೇಳಿ. ಸಿಹಿ ಚಹಾ ಕುಡಿದು ತಿಂದರೆ ಕೇಕಿನ ಸೂಕ್ಷ್ಮ ಸಿಹಿ ಪೂರ್ತಿ ಸತ್ತುಹೋಗುತ್ತದೆ.

ದುಡ್ಡನ್ನು ಕೈಗೆ ಕೊಡಬೇಡಿ, ಮುಂದೆ ಇಟ್ಟಿರುವ ಸಣ್ಣ ತಟ್ಟೆಯಲ್ಲಿ ಇಡಿ. ಟಿಪ್ಸ್ ಇಲ್ಲ. ಕಾರ್ಡ್ ನಡೆಯದ ಸಣ್ಣ ಅಂಗಡಿಗಳು ಇನ್ನೂ ಇವೆ, ಒಂದೈದು ಸಾವಿರ ಯೆನ್ ನೋಟಿನಲ್ಲಿ ಇಟ್ಟುಕೊಳ್ಳಿ. ಫೋಟೊ ತೆಗೆಯುವ ಮೊದಲು "ಶಾಶಿನ್ ಇಯ್ ದೆಸ್ ಕಾ?" ಅಂತ ಕೇಳಿ. ನಿಮ್ಮ ತಟ್ಟೆಯದಕ್ಕೆ ಯಾರೂ ಬೇಡ ಅನ್ನುವುದಿಲ್ಲ, ಗಾಜಿನ ಪೆಟ್ಟಿಗೆಯದಕ್ಕೆ ಕೆಲವರು ಅನ್ನುತ್ತಾರೆ.

ತಿನ್ನುವುದು

ಕೇಕಿನ ಸುತ್ತ ಒಂದು ತೆಳು ಪಾರದರ್ಶಕ ಹಾಳೆ ಸುತ್ತಿರುತ್ತದೆ. ಕೈಯಲ್ಲಿ ಎಳೆದರೆ ಕ್ರೀಮೆಲ್ಲ ಬೆರಳಿಗೆ. ಇಲ್ಲಿನವರು ಮಾಡುವುದು ನೋಡಿ: ಹಾಳೆಯ ಅಂಚನ್ನು ಫೋರ್ಕಿನ ಹಲ್ಲುಗಳ ನಡುವೆ ಸಿಕ್ಕಿಸಿ, ಫೋರ್ಕನ್ನು ಮೆಲ್ಲಗೆ ತಿರುಗಿಸುತ್ತಾ ಕೇಕಿನ ಸುತ್ತ ಬರುತ್ತಾರೆ. ಹಾಳೆ ಸುರುಳಿಯಾಗಿ ಫೋರ್ಕಿಗೆ ಸುತ್ತಿಕೊಂಡು ಬರುತ್ತದೆ, ಕೈಗೆ ಏನೂ ಅಂಟುವುದಿಲ್ಲ. ಆ ಹಾಳೆ ಬಿಟ್ಟುಕೊಂಡಾಗ ಒಳಗಿನ ಪದರಗಳು ಕಾಣುವ ಆ ಗಳಿಗೆಗೆ ನಾನು ಪ್ರತಿ ಸಲ ಸ್ವಲ್ಪ ಹೊತ್ತು ಫೋರ್ಕ್ ಹಿಡಿದು ಸುಮ್ಮನೆ ಕೂರುತ್ತೇನೆ.

ಮೇಲಿನದನ್ನು ಮೊದಲು, ಕೆಳಗಿನದನ್ನು ಆಮೇಲೆ ಅಂತ ಬಿಡಿಸಿ ತಿನ್ನಬೇಡಿ. ಫೋರ್ಕನ್ನು ನೇರವಾಗಿ ತಳದವರೆಗೆ ಇಳಿಸಿ, ಎಲ್ಲ ಪದರ ಒಂದೇ ತುತ್ತಿನಲ್ಲಿ ಬರಬೇಕು. ಮಾಡಿದವರು ಹುಳಿ, ಸಿಹಿ, ಗರಿಗರಿ ಎಲ್ಲವನ್ನೂ ಒಟ್ಟಿಗೆ ಬಾಯಿಗೆ ಬರಲಿ ಅಂತಲೇ ಅಳೆದು ಜೋಡಿಸಿರುತ್ತಾರೆ. ಗರಿಗರಿ ಪದರಗಳ ನಡುವೆ ಕ್ರೀಂ ಇರುವ ಮಿಲ್‌ಫೋಯ್ ಆದರೆ ಮಾತ್ರ ಅಡ್ಡಕ್ಕೆ ಮಲಗಿಸಿ ಕತ್ತರಿಸಿ, ನಿಲ್ಲಿಸಿ ಒತ್ತಿದರೆ ಕ್ರೀಂ ಎಲ್ಲ ಪಕ್ಕಕ್ಕೆ ಬರುತ್ತದೆ. ಮೂಸ್ ಬಂದ ಕೂಡಲೇ ತಿನ್ನಿ. ಒಪೆರಾ ಥರದ ಬೆಣ್ಣೆ ಕ್ರೀಂ ಕೇಕನ್ನು ಹತ್ತು ನಿಮಿಷ ಬಿಡಿ, ತಂಪು ಇಳಿದು ಬೆಣ್ಣೆ ಮೆತ್ತಗಾದ ಮೇಲೆ ಅದರ ವಾಸನೆ ಏಳುತ್ತದೆ.

ಇದೆಲ್ಲದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಆಸೆ ಇದ್ದರೆ ಕೌಂಟರ್ ಡೆಸರ್ಟ್ ನೋಡಿ. ಸುಶಿ ಅಂಗಡಿಯ ಹಾಗೆ ಎದುರಿಗೆ ಕೂತರೆ ನಿಮ್ಮ ಕಣ್ಣೆದುರೇ ತಟ್ಟೆ ತಯಾರಾಗುತ್ತದೆ. ಒಂದೇ ತಟ್ಟೆಯಲ್ಲಿ ಬಿಸಿಯದೂ ಇರುತ್ತದೆ, ಐಸ್‌ಕ್ರೀಮೂ ಇರುತ್ತದೆ. ತೋಶಿ ಯೊರೊಇಝುಕಾ ಅನ್ನುವ ಕೇಕ್ ಕಲಾವಿದರು ಟೋಕಿಯೊ ಮಿಡ್‌ಟೌನ್ ಕಟ್ಟಡಗಳ ಸಮುಚ್ಚಯದಲ್ಲಿ 2007ರಲ್ಲಿ ತೆರೆದ ಅಂಗಡಿಯಿಂದ ಈ ಪದ್ಧತಿ ಬಹಳ ಹೆಸರಾಯಿತು. ಈಗ ಆರಂಭದಿಂದ ಕೊನೆವರೆಗೆ ಬರೀ ಸಿಹಿಯದೇ ಊಟ ಬಡಿಸುವ ಸಣ್ಣ ಸಣ್ಣ ಅಂಗಡಿಗಳೂ ಇವೆ. ಅಂಥ ಕಡೆ ಮೊದಲೇ ಬುಕ್ ಮಾಡಬೇಕು, ಹೇಳಿದ ಹೊತ್ತಿಗೆ ಸರಿಯಾಗಿ ಹೋಗಬೇಕು, ಜೆಲಟಿನ್ ವಿಷಯ ಬುಕ್ ಮಾಡುವಾಗಲೇ ಬರೆಯಬೇಕು. ಅಲ್ಲಿಗೆ ಹೋಗಿ ಕೂತ ಮೇಲೆ ಹೇಳಿದರೆ ಅವರಿಗೂ ಕಷ್ಟ.

ಮೋಂಬ್ಲಾಂ ಕೇಕನ್ನೂ ಈಗ ನಿಮ್ಮ ಎದುರೇ ಒತ್ತಿಕೊಡುವ ಅಂಗಡಿಗಳು ಬಂದಿವೆ. ನಮ್ಮ ಶ್ಯಾವಿಗೆ ಒರಳಿನಿಂದ ಇಳಿಯುವ ಹಾಗೆ, ಒಂದು ಮಿಲಿಮೀಟರಿನಷ್ಟು ತೆಳ್ಳಗೆ ಚೆಸ್ಟ್‌ನಟ್ ಎಳೆಗಳು ಕೇಕಿನ ಮೇಲೆ ಬೀಳುತ್ತವೆ. ಎಳೆ ಎಷ್ಟು ತೆಳುವೋ ಅಷ್ಟು ಬೇಗ ಒಣಗುತ್ತದೆ. ಇದರ ಫೋಟೊ ಒಂದೇ ಸಾಕು, ತಿನ್ನಲು ಶುರುಮಾಡಿ.

ಕಟ್ಟಿಸಿಕೊಂಡು ಹೋಗುವುದಾದರೆ

ಕೇಕುಗಳನ್ನು ತಟ್ಟೆಯಲ್ಲಿಟ್ಟು ನಿಮಗೆ ಒಮ್ಮೆ ತೋರಿಸುತ್ತಾರೆ, ಸರಿಯೇ ಅಂತ ಕೇಳುತ್ತಾರೆ. ತಲೆ ಆಡಿಸುವ ಮೊದಲು ನಿಜವಾಗಿ ನೋಡಿ. ಆಮೇಲೆ ಕಾಗದದ ಪಟ್ಟಿ ಮಡಚಿ ಕೇಕುಗಳ ನಡುವಿನ ಸಂದಿಗೆ ಇಟ್ಟು, ಅಲುಗದ ಹಾಗೆ ಮಾಡಿ, ಪೆಟ್ಟಿಗೆ ಮುಚ್ಚುತ್ತಾರೆ. ಎಷ್ಟು ಹೊತ್ತು ಅಂತ ಕೇಳಿದಾಗ ಸತ್ಯ ಹೇಳಿ. ಅರ್ಧ ಗಂಟೆಗೆ 'ಸಂಜುಪ್ಪುನ್', ಒಂದು ಗಂಟೆಗೆ 'ಇಚಿಜಿಕಾನ್', ಎರಡಕ್ಕೆ 'ನಿಜಿಕಾನ್'. ದಾರಿಯಲ್ಲಿ ಬೇರೆ ಕೆಲಸ ಇದ್ದರೆ ಅದನ್ನೂ ಸೇರಿಸಿ. ಪೆಟ್ಟಿಗೆ ಮೇಲಿನ ಚೀಟಿಯಲ್ಲಿ 'ಹೊಂಜಿತ್ಸು ಚೂ' ಅಂತ ಇದ್ದರೆ ಇವತ್ತೇ ತಿನ್ನಬೇಕು ಅಂತ. ಫ್ರಿಜ್ಜಿನಲ್ಲಿಟ್ಟು ನಾಳೆ ನೋಡೋಣ ಅನ್ನಬೇಡಿ, ನಾಳೆಗೆ ಗರಿಗರಿ ಹೋಗಿರುತ್ತದೆ. ರಸ್ತೆಯಲ್ಲಿ ನಡೆಯುತ್ತಾ ತಿನ್ನುವುದನ್ನು ಇಲ್ಲಿ ಚೆನ್ನ ಅನ್ನುವುದಿಲ್ಲ, ಕಸದ ಡಬ್ಬಿಯೂ ಸುಲಭಕ್ಕೆ ಸಿಗುವುದಿಲ್ಲ.

ಊರಿಗೆ ಒಯ್ಯಲು ಯಾಕಿಗಾಶಿ ಅಂತ ಬೇರೆ ಕಪಾಟಿನಲ್ಲಿ ಇಟ್ಟಿರುತ್ತಾರೆ. ಫಿನಾನ್ಸಿಯೇ, ಮಾದಲೆನ್, ಸಾಬ್ಲೇ ಥರದ ಬೇಯಿಸಿದ ಒಣ ತಿಂಡಿಗಳು. ಒಂದೊಂದನ್ನೂ ಪ್ರತ್ಯೇಕವಾಗಿ ಪ್ಯಾಕ್ ಮಾಡಿರುತ್ತಾರೆ, ದಿನಾಂಕ ಹಾಕಿರುತ್ತಾರೆ, ವಾರಗಟ್ಟಲೆ ಇರುತ್ತವೆ. ಮರದ ಉಂಗುರದ ಹಾಗೆ ಪದರ ಪದರವಾಗಿ ಸುಡುವ ಬೌಮ್‌ಕುಹೆನ್ ಕೂಡ ಒಳ್ಳೆಯದು. ಅದನ್ನು ಜಪಾನಿಗೆ ತಂದದ್ದು ಕಾರ್ಲ್ ಯುಖ್‌ಹೈಮ್ ಅನ್ನುವ ಜರ್ಮನ್ ಯುದ್ಧಕೈದಿ. 1919ರಲ್ಲಿ ಹಿರೋಶಿಮಾದ ವಸ್ತುಪ್ರದರ್ಶನದ ಕಟ್ಟಡದಲ್ಲಿ ಮಾಡಿ ಮಾರಿದ್ದರು. ಬಾಂಬ್ ಬಿದ್ದ ಮೇಲೂ ನಿಂತಿರುವ, ಗುಮ್ಮಟದ ಅಸ್ಥಿಪಂಜರ ಉಳಿದಿರುವ ಕಟ್ಟಡ ಅದೇ.

ಪುಡಿಂಗ್, ಜೆಲ್ಲಿ ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ದ್ರವದ ಲೆಕ್ಕಕ್ಕೆ ಹಿಡಿದು ತೆಗೆಸುತ್ತಾರೆ, ಕೊಳ್ಳಲೇಬೇಡಿ. ಸಾಬ್ಲೇಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ಊರಿಗೆ ಮುಟ್ಟುವುದು ಪುಡಿ. ಮನೆಯಲ್ಲಿ ಅಜ್ಜಿಯೋ ಅಮ್ಮನೋ ಮೊಟ್ಟೆ ಮುಟ್ಟದವರಿದ್ದರೆ ಯೋಕಾನ್ ಒಯ್ಯಿರಿ. ಅಜುಕಿ, ಸಕ್ಕರೆ, ಕಾಂಟೆನ್, ಸಾಮಾನ್ಯವಾಗಿ ಇಷ್ಟೇ ಅದರಲ್ಲಿರುವುದು. ತಿಂಗಳುಗಟ್ಟಲೆ ಕೆಡುವುದಿಲ್ಲ. ಅಕ್ಕ ಹೊರಡುವ ದಿನ ಆರು ಕಟ್ಟು ಯೋಕಾನ್ ಕೊಂಡಳು, ಅಮ್ಮನಿಗೆ ಫೋನಿನಲ್ಲಿ "ಗಟ್ಟಿ ಹೂರಣ ಅಂದ್ಕೊಮ್ಮ, ತೆಳ್ಳಗೆ ಕುಯ್ದು ತಿನ್ಬೇಕಂತೆ" ಅಂತ ಹೇಳುತ್ತಿದ್ದಳು.